ಬರೆದವರು ಯಾರು, ಬರೆಸಿದವರು ಯಾರು?

ದಿನಪತ್ರಿಕೆಯೊಂದರ ಒಳಪುಟವನ್ನು ತೆರೆದು ನೋಡಿ. ಊರಿನ ವಿಶೇಷ ವರದಿಗಳ ಜೊತೆ ಅನೇಕ ವೇಳೆ ವರದಿಗಾರನ ಹೆಸರಿರುತ್ತದೆ. ಆದರೆ ದೆಹಲಿ, ಲಂಡನ್, ಬಗ್ದಾದ್‌ಗಳಿಂದ ಬಂದ ಸುದ್ದಿಗಳಲ್ಲಿ ಸಾಮಾನ್ಯವಾಗಿ ಮನುಷ್ಯರ ಹೆಸರಿರುವುದಿಲ್ಲ. ಅಲ್ಲಿರುವುದು ಪಿಟಿಐ, ರಾಯಿಟರ್ಸ್, ಎಎಫ್‌ಪಿ ಎಂಬ ಸಂಸ್ಥೆಯ ಗುರುತು ಮಾತ್ರ. ಕೆಲವೊಮ್ಮೆ ಅದೂ ಇಲ್ಲದೆ 'ಏಜೆನ್ಸೀಸ್' ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ನಾವು ಆ ಪದವನ್ನು ಓದುವುದೂ ಇಲ್ಲ. ಆದರೆ ಅದರ ಹಿಂದೆ ಎಲ್ಲೋ ಒಂದು ಮೇಜಿನ ಮುಂದೆ ಕುಳಿತು ಬರೆದ ಒಬ್ಬ ಮನುಷ್ಯನಿದ್ದಾನೆ. ಆತನ ವಾಕ್ಯಗಳು ಲಕ್ಷಾಂತರ ಜನರನ್ನು ತಲುಪುತ್ತವೆ. ಆತನ ಹೆಸರು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಇಂದು ಈ ಕೆಲಸಕ್ಕೆ 'ಕಂಟೆಂಟ್ ಪ್ರೊಡ್ಯೂಸರ್' ಎಂಬ ಹೊಸ ಹೆಸರು ಬಂದಿದೆ. ಮಾಧ್ಯಮ ಏಜೆನ್ಸಿಯೊಂದರಲ್ಲಿ ಸಂಬಳಕ್ಕೆ ಕುಳಿತು ಸುದ್ದಿ, ಲೇಖನ, ವಿಡಿಯೋ, ಜಾಹೀರಾತುಗಳನ್ನು ಸಿದ್ಧಪಡಿಸಿಕೊಡುವವರು ಇವರು. ಪದವಿ ಮುಗಿಸಿ ನಗರಕ್ಕೆ ಹೋದ ನಮ್ಮ ಎಷ್ಟೋ ಯುವಕ ಯುವತಿಯರು ಈ ಕೆಲಸದಲ್ಲಿದ್ದಾರೆ. ಇದು ಕಂಪ್ಯೂಟರ್ ಯುಗದ ಉದ್ಯೋಗವೆಂದೇ ಹಲವರ ಭಾವನೆ. ವಾಸ್ತವದಲ್ಲಿ ಇದಕ್ಕೆ ಸುಮಾರು 190 ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಓದುತ್ತಾ ಹೋದಂತೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಬರೆದವನಿಗೆ ಹಣ ಕೊಟ್ಟವರು ಯಾರೆಂದು ಓದಿದವನಿಗೆ ಗೊತ್ತಿತ್ತೇ?

ಪ್ಯಾರಿಸ್‌ನ ಭಾಷಾಂತರ ಕಚೇರಿ

ಚಾರ್ಲ್ಸ್ ಲೂಯಿ ಹವಾಸ್ ಹುಟ್ಟಿದ್ದು 1783ರಲ್ಲಿ, ಫ್ರಾನ್ಸ್‌ನ ರೂಆನ್ ಪಟ್ಟಣದಲ್ಲಿ. ವ್ಯಾಪಾರ ಮಾಡಿ ಗಳಿಸಿದ್ದನ್ನೆಲ್ಲ ಕಳೆದುಕೊಂಡ ಆತನ ಬಳಿ ಉಳಿದಿದ್ದ ಬಂಡವಾಳವೆಂದರೆ ಭಾಷೆಗಳ ಜ್ಞಾನ. 1832ರಲ್ಲಿ ಆತ ಪ್ಯಾರಿಸ್‌ನಲ್ಲಿ ಒಂದು ಭಾಷಾಂತರ ಕಚೇರಿ ತೆರೆದ. ವಿದೇಶೀ ಪತ್ರಿಕೆಗಳನ್ನು ತರಿಸಿ, ಅವುಗಳಲ್ಲಿ ಬೇಕಾದದ್ದನ್ನು ಫ್ರೆಂಚ್‌ಗೆ ತಿರುಗಿಸಿ ಪತ್ರಿಕೆಗಳಿಗೂ ಸರಕಾರಿ ಕಚೇರಿಗಳಿಗೂ ವ್ಯಾಪಾರಿಗಳಿಗೂ ಮಾರುವುದು ಅಲ್ಲಿನ ಕೆಲಸ. 1835ರಲ್ಲಿ ಅದು 'ಏಜೆನ್ಸ್ ಹವಾಸ್' ಆಯಿತು. ಆಧುನಿಕ ಸುದ್ದಿಸಂಸ್ಥೆಗಳ ಪೈಕಿ ಮೊದಲನೆಯದು ಇದೇ.

ಆ ಕಚೇರಿಯಲ್ಲಿ ಕುಳಿತು ಭಾಷಾಂತರ ಮಾಡಿದ ಗುಮಾಸ್ತರನ್ನೇ ಇಂದಿನ ಕಂಟೆಂಟ್ ಪ್ರೊಡ್ಯೂಸರ್‌ಗಳ ಹಿರಿಯರೆನ್ನಬೇಕು. ಅವರಲ್ಲಿ ಇಬ್ಬರು ಮುಂದೆ ಸ್ವಂತ ಸಂಸ್ಥೆಗಳನ್ನು ಕಟ್ಟಿ ಲೋಕಪ್ರಸಿದ್ಧರಾದರು. ಬರ್ನ್‌ಹಾರ್ಡ್ ವೋಲ್ಫ್ 1849ರಲ್ಲಿ ಬರ್ಲಿನ್‌ನಲ್ಲಿ ಸಂಸ್ಥೆ ತೆರೆದ. ಜೂಲಿಯಸ್ ರಾಯಿಟರ್ 1850ರಲ್ಲಿ, ತಂತಿ ಮಾರ್ಗ ಇನ್ನೂ ಕೂಡದಿದ್ದ ಬ್ರಸೆಲ್ಸ್ ಮತ್ತು ಆಖನ್ ನಗರಗಳ ನಡುವೆ ಪಾರಿವಾಳಗಳ ಮೂಲಕ ಸುದ್ದಿ ಸಾಗಿಸಿ, 1851ರಲ್ಲಿ ಲಂಡನ್‌ನಲ್ಲಿ ತನ್ನ ಕಚೇರಿ ತೆರೆದ. ಉಳಿದ ಗುಮಾಸ್ತರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ಈ ವ್ಯವಸ್ಥೆಯ ಅಪಾಯವನ್ನು ಬಹಳ ಬೇಗ ಗುರುತಿಸಿದವನು ಕಾದಂಬರಿಕಾರ ಬಾಲ್ಜಾಕ್. ಪ್ಯಾರಿಸ್‌ನಲ್ಲಿ ಹತ್ತಾರು ಪತ್ರಿಕೆಗಳಿವೆ ಎಂದು ಜನ ನಂಬಿದ್ದಾರೆ, ಆದರೆ ವಿದೇಶೀ ಸುದ್ದಿಯ ಮಟ್ಟಿಗೆ ಎಲ್ಲವೂ ಹವಾಸ್‌ನಿಂದ ಬಂದದ್ದನ್ನೇ ತಮ್ಮ ತಮ್ಮ ಬಣ್ಣ ಬಳಿದು ಅಚ್ಚುಹಾಕುತ್ತಿವೆ ಎಂಬ ಅರ್ಥದ ಟೀಕೆಯನ್ನು ಆತ 1840ರಷ್ಟು ಹಿಂದೆಯೇ ಬರೆದಿದ್ದ.

ಇನ್ನೊಂದು ಬೆಳವಣಿಗೆ ಇದಕ್ಕಿಂತಲೂ ಮುಖ್ಯವಾದುದು. 1850ರ ದಶಕದಲ್ಲಿ ಹವಾಸ್ ಸಂಸ್ಥೆ ಜಾಹೀರಾತು ವ್ಯಾಪಾರದೊಂದಿಗೆ ಕೈಜೋಡಿಸಿತು. ಸಣ್ಣ ಪಟ್ಟಣಗಳ ಪತ್ರಿಕೆಗಳಿಗೆ ಸುದ್ದಿಯ ಚಂದಾ ಕಟ್ಟುವ ಶಕ್ತಿ ಇರಲಿಲ್ಲ. ಹಣದ ಬದಲು ನಿಮ್ಮ ಪುಟದಲ್ಲಿ ಜಾಗ ಕೊಡಿ ಎಂದು ಹವಾಸ್ ಹೇಳಿತು. ಆ ಜಾಗವನ್ನು ಜಾಹೀರಾತುದಾರರಿಗೆ ಮಾರಿ ಲಾಭ ಮಾಡಿಕೊಂಡಿತು. ಸುದ್ದಿ ಮತ್ತು ಜಾಹೀರಾತು ಹೀಗೆ ಒಂದೇ ಮನೆಯಲ್ಲಿ, ಒಂದೇ ಗಲ್ಲಾಪೆಟ್ಟಿಗೆಯ ಸುತ್ತ ಬೆಳೆದವು. ಅವು ಬೇರೆಯಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಜರ್ಮನಿಗೆ ಶರಣಾದ ವಿಶಿ ಸರಕಾರ ಸುದ್ದಿ ವಿಭಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಾಗ. 1944ರಲ್ಲಿ ಪ್ಯಾರಿಸ್ ವಿಮೋಚನೆಗೊಂಡಾಗ ಸುದ್ದಿ ವಿಭಾಗದ ಜಾಗದಲ್ಲಿ ಎಎಫ್‌ಪಿ ಹುಟ್ಟಿತು. ಹವಾಸ್ ಎಂಬ ಹೆಸರು ಜಾಹೀರಾತು ವಿಭಾಗದಲ್ಲಿ ಉಳಿಯಿತು. ಇಂದು ಅದು ಜಗತ್ತಿನ ದೊಡ್ಡ ಜಾಹೀರಾತು ಸಮೂಹಗಳಲ್ಲಿ ಒಂದು.

ಲೋಕವನ್ನು ಹಂಚಿಕೊಂಡ ಮೂವರು

1870ರಲ್ಲಿ ರಾಯಿಟರ್ಸ್, ಹವಾಸ್ ಮತ್ತು ವೋಲ್ಫ್ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಸುದ್ದಿಯ ಮಾರುಕಟ್ಟೆಯಾಗಿ ಭೂಮಂಡಲವನ್ನೇ ಹಂಚಿಕೊಂಡವು. ಬ್ರಿಟಿಷ್ ಸಾಮ್ರಾಜ್ಯ ರಾಯಿಟರ್ಸ್ ಪಾಲಿಗೆ ಬಂತು. ಅದರೊಂದಿಗೆ ಭಾರತವೂ ಸೇರಿತ್ತು. ರಾಯಿಟರ್ಸ್ 1866ರಲ್ಲೇ ಮುಂಬಯಿಯಲ್ಲಿ ಕಚೇರಿ ತೆರೆದಾಗಿತ್ತು. ಅಂದಿನಿಂದ ಹಲವು ದಶಕಗಳ ಕಾಲ ಭಾರತೀಯರು ಲೋಕವನ್ನು ನೋಡಿದ್ದು ಲಂಡನ್‌ನ ಮೇಜಿನಿಂದ. ಲೋಕವು ಭಾರತವನ್ನು ನೋಡಿದ್ದೂ ಅದೇ ಮೇಜಿನಿಂದಲೇ.

ಇದರ ವಿರುದ್ಧ ಭಾರತೀಯರು ಸುಮ್ಮನೆ ಕುಳಿತಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆ.ಸಿ.ರಾಯ್ ಅವರು ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾವನ್ನು ಕಟ್ಟಿದರು. ಆದರೆ ಅದು ಹೆಚ್ಚು ಕಾಲ ಸ್ವತಂತ್ರವಾಗಿ ಉಳಿಯದೆ ರಾಯಿಟರ್ಸ್‌ನ ಹಿಡಿತಕ್ಕೆ ಹೋಯಿತು. 1920ರ ದಶಕದಲ್ಲಿ ಎಸ್.ಸದಾನಂದ್ ಅವರು ಫ್ರೀ ಪ್ರೆಸ್ ಸುದ್ದಿಸಂಸ್ಥೆಯ ಮೂಲಕ ರಾಷ್ಟ್ರೀಯ ಚಳವಳಿಯ ಸುದ್ದಿಗಳನ್ನು ಪತ್ರಿಕೆಗಳಿಗೆ ಒದಗಿಸಿದರು. ಸರಕಾರದ ಒತ್ತಡ ಮತ್ತು ಹಣದ ಅಭಾವದಿಂದ 1935ರಲ್ಲಿ ಅದು ನಿಂತುಹೋಯಿತು. 1947ರ ಆಗಸ್ಟ್‌ನಲ್ಲಿ ಮದ್ರಾಸಿನಲ್ಲಿ ನೋಂದಣಿಯಾದ ಪಿಟಿಐ, 1949ರಲ್ಲಿ ಕೆಲಸ ಆರಂಭಿಸಿತು.

ಒಡೆಯ ಬದಲಾದ ಮಾತ್ರಕ್ಕೆ ಬರೆಯುವವನು ಸ್ವತಂತ್ರನಾಗುತ್ತಾನೆಯೇ? ತುರ್ತು ಪರಿಸ್ಥಿತಿ ಇದಕ್ಕೆ ಉತ್ತರ ಕೊಟ್ಟಿತು. 1976ರಲ್ಲಿ ಪಿಟಿಐ, ಯುಎನ್‌ಐ, ಹಿಂದುಸ್ಥಾನ್ ಸಮಾಚಾರ್ ಮತ್ತು ಸಮಾಚಾರ್ ಭಾರತಿ ಎಂಬ ನಾಲ್ಕೂ ಸಂಸ್ಥೆಗಳನ್ನು ಒಂದುಗೂಡಿಸಿ 'ಸಮಾಚಾರ್' ಎಂಬ ಒಂದೇ ಸಂಸ್ಥೆ ಮಾಡಲಾಯಿತು. ಸುದ್ದಿ ಬರೆಯುವವರು ಅದೇ ಹಳೆಯ ಜನ. ಆದರೆ ದೇಶದ ಎಲ್ಲ ಪತ್ರಿಕೆಗಳಿಗೂ ಒಂದೇ ನಲ್ಲಿಯ ನೀರು. 1978ರಲ್ಲಿ ಅವು ಮತ್ತೆ ಬೇರೆಯಾದವು.

ಕೊಟ್ಟದ್ದನ್ನು ಬರೆದವನು

ಸುದ್ದಿಸಂಸ್ಥೆಯ ಬರಹಗಾರನಿಗೆ ಕನಿಷ್ಠ ಪಕ್ಷ ತಾನು ಸುದ್ದಿ ಬರೆಯುತ್ತಿದ್ದೇನೆಂಬ ಸಮಾಧಾನವಿತ್ತು. ಪ್ರಚಾರ ಸಂಸ್ಥೆಯ ಬರಹಗಾರನ ಕತೆ ಬೇರೆ. ಅದು ಆರಂಭವಾಗುವುದು ಅಮೆರಿಕದಲ್ಲಿ.

1906ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಕಂಪೆನಿಯ ಪರವಾಗಿ ಐವಿ ಲೀ ಎಂಬ ಮಾಜಿ ಪತ್ರಕರ್ತ ಅಪಘಾತದ ವಿವರಗಳನ್ನು ತಾನೇ ಬರೆದು ಪತ್ರಿಕೆಗಳಿಗೆ ಕಳುಹಿಸಿದ. ಇದನ್ನೇ ಮೊದಲ 'ಪತ್ರಿಕಾ ಪ್ರಕಟಣೆ' ಎಂದು ಅನೇಕರು ಗುರುತಿಸುತ್ತಾರೆ. ನಮ್ಮದು ಗುಟ್ಟಿನ ಕಚೇರಿಯಲ್ಲ, ಎಲ್ಲವೂ ಬಹಿರಂಗ, ಕೊಡುವ ಮಾಹಿತಿ ನಿಖರವಾಗಿರುತ್ತದೆ ಎಂಬ ತತ್ವಗಳ ಘೋಷಣೆಯನ್ನೂ ಆತ ಅದೇ ವರ್ಷ ಹೊರಡಿಸಿದ. ತತ್ವಗಳೇನೋ ಚೆನ್ನಾಗಿಯೇ ಇದ್ದವು.

ಎಂಟು ವರ್ಷಗಳ ಬಳಿಕ ಅವುಗಳ ಪರೀಕ್ಷೆ ನಡೆಯಿತು. ಕೊಲರಾಡೋ ರಾಜ್ಯದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರು ಕುಟುಂಬ ಸಮೇತ ಡೇರೆಗಳಲ್ಲಿ ವಾಸಿಸುತ್ತಿದ್ದರು. 1914ರ ಏಪ್ರಿಲ್ 20ರಂದು ಆ ಡೇರೆಗಳ ಮೇಲೆ ರಾಜ್ಯದ ಸೈನಿಕರು ಮತ್ತು ಕಂಪೆನಿಯ ಕಾವಲುಗಾರರು ದಾಳಿ ಮಾಡಿದರು. ಡೇರೆಗಳಿಗೆ ಬೆಂಕಿ ಬಿತ್ತು. ಕೆಳಗಿನ ಗುಂಡಿಯೊಂದರಲ್ಲಿ ಅಡಗಿದ್ದ ಇಬ್ಬರು ಮಹಿಳೆಯರು ಮತ್ತು 11 ಮಕ್ಕಳು ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ಗಣಿ ಕಂಪೆನಿಯ ಮೇಲೆ ಒಡೆತನವಿದ್ದ ರಾಕ್‌ಫೆಲರ್ ಕುಟುಂಬ ಐವಿ ಲೀಯನ್ನು ನೇಮಿಸಿಕೊಂಡಿತು. ಆತ ಕಂಪೆನಿಯ ಪರವಾಗಿ ಕರಪತ್ರಗಳ ಸರಣಿಯನ್ನೇ ಹೊರಡಿಸಿ ದೇಶದ ಗಣ್ಯರಿಗೆಲ್ಲ ಕಳುಹಿಸಿದ. ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸಿದ ಸುಳ್ಳು ಲೆಕ್ಕವೂ ಅವುಗಳಲ್ಲಿತ್ತು.

ಮರುವರ್ಷ ಕೈಗಾರಿಕಾ ಸಂಬಂಧಗಳ ಆಯೋಗದ ಮುಂದೆ ಆತ ಸಾಕ್ಷಿಯಾಗಿ ನಿಲ್ಲಬೇಕಾಯಿತು. ಕಂಪೆನಿ ಕೊಟ್ಟ ಮಾಹಿತಿ ನಿಜವೇ ಎಂದು ಪರಿಶೀಲಿಸಲು ನೀವೇನು ಮಾಡಿದಿರಿ ಎಂದು ಕೇಳಿದಾಗ, ಏನೂ ಮಾಡಲಿಲ್ಲವೆಂದು ಆತ ಒಪ್ಪಿಕೊಂಡ. ಮಾಧ್ಯಮ ಏಜೆನ್ಸಿಗಳ ಇಡೀ ಇತಿಹಾಸದ ಅತ್ಯಂತ ಪ್ರಾಮಾಣಿಕ ಉತ್ತರ ಬಹುಶಃ ಇದೇ. ಕೊಟ್ಟದ್ದನ್ನು ಬರೆದೆ, ಪರಿಶೀಲಿಸುವುದು ನನ್ನ ಕೆಲಸವಲ್ಲ ಎಂಬ ಈ ಒಂದು ಸಮರ್ಥನೆಯ ನೆರಳಿನಲ್ಲಿ ಮುಂದೆ ಏನೇನು ನಡೆಯಿತೆಂಬುದನ್ನು ನೋಡಿದರೆ ಎದೆ ನಡುಗುತ್ತದೆ.

ಕಣ್ಣೀರಿನ ಹಿಂದೆ ಕೆಮರಾ

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್ ಅನ್ನು ಆಕ್ರಮಿಸಿತು. ನಮ್ಮ ಕರಾವಳಿಯ ಹಿರಿಯರಿಗೆ ಆ ದಿನಗಳು ನೆನಪಿವೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ತಾಯಂದಿರು ರೇಡಿಯೋ ಮುಂದೆ ಕುಳಿತಿದ್ದರು. ಸುಮಾರು 1,70,000 ಭಾರತೀಯರು ಬರಿಗೈಯಲ್ಲಿ ಮರಳಿ ಬಂದರು. ಆಕ್ರಮಣ ನಿಜ. ಅದರ ಕ್ರೌರ್ಯವೂ ನಿಜ. ಆದರೆ ಯುದ್ಧಕ್ಕೆ ಅಮೆರಿಕದ ಜನಮನವನ್ನು ಸಿದ್ಧಗೊಳಿಸಿದ ಪ್ರಸಿದ್ಧ ಕತೆಯೊಂದು ನಿಜವಾಗಿರಲಿಲ್ಲ.

1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸತ್ ಸದಸ್ಯರ ಮಾನವ ಹಕ್ಕುಗಳ ಗುಂಪಿನ ಮುಂದೆ ನಯೀರಾ ಎಂಬ ಹೆಸರಿನ 15 ವರ್ಷದ ಹುಡುಗಿ ಅಳುತ್ತಾ ಸಾಕ್ಷ್ಯ ನುಡಿದಳು. ಇರಾಕಿ ಸೈನಿಕರು ಕುವೈತ್‌ನ ಆಸ್ಪತ್ರೆಯೊಂದಕ್ಕೆ ನುಗ್ಗಿ, ಹಸುಳೆಗಳನ್ನು ಇನ್‌ಕ್ಯುಬೇಟರ್‌ಗಳಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರೆಂಬುದು ಅವಳ ಮಾತಾಗಿತ್ತು. ಅಧ್ಯಕ್ಷ ಜಾರ್ಜ್ ಬುಷ್ ಈ ಕತೆಯನ್ನು ಹಲವು ಬಾರಿ ಉಲ್ಲೇಖಿಸಿದರು. ಸೆನೆಟ್‌ನ ಚರ್ಚೆಯಲ್ಲೂ ಅದು ಪ್ರಸ್ತಾಪವಾಯಿತು. 1991ರ ಜನವರಿ 12ರಂದು 47ರ ವಿರುದ್ಧ 52 ಮತಗಳಿಂದ ಸೆನೆಟ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು.

1992ರ ಜನವರಿಯಲ್ಲಿ, ಯುದ್ಧ ಮುಗಿದು ತಿಂಗಳುಗಳು ಕಳೆದ ಮೇಲೆ, ಪತ್ರಕರ್ತ ಜಾನ್ ಮೆಕಾರ್ಥರ್ ಸತ್ಯ ಬಯಲು ಮಾಡಿದರು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳಾಗಿದ್ದಳು. ಸಾಕ್ಷ್ಯದ ಸಿದ್ಧತೆಯಲ್ಲಿ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ಕೈಯಿತ್ತು. 'ಸ್ವತಂತ್ರ ಕುವೈತ್‌ಗಾಗಿ ನಾಗರಿಕರು' ಎಂಬ ಸಂಘಟನೆಯ ಹೆಸರಿನಲ್ಲಿ ಆ ಸಂಸ್ಥೆಗೆ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಸಂದಿತ್ತು. ಅದರ ಬಹುಪಾಲು ಕುವೈತ್ ಸರಕಾರದ್ದು. ಸಂಸ್ಥೆಯ ಸ್ವಂತ ಕೆಮರಾ ತಂಡವೇ ಸಾಕ್ಷ್ಯವನ್ನು ಚಿತ್ರೀಕರಿಸಿ, ಸುದ್ದಿಯ ರೂಪದಲ್ಲಿ ಸಿದ್ಧಪಡಿಸಿ ಟಿವಿ ಕೇಂದ್ರಗಳಿಗೆ ಹಂಚಿತ್ತು. ವೀಕ್ಷಕರು ಸುದ್ದಿ ನೋಡುತ್ತಿದ್ದೇವೆಂದು ಭಾವಿಸಿದ್ದರು. ಇನ್‌ಕ್ಯುಬೇಟರ್ ಕತೆಯನ್ನು ಮೊದಲು ಎತ್ತಿಹಿಡಿದಿದ್ದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ ಪುರಾವೆ ಸಿಗದೆ ಹಿಂದೆ ಸರಿಯಿತು.

ಆ ಕೆಮರಾ ಹಿಡಿದವನು, ಆ ತುಣುಕನ್ನು ಸಂಕಲಿಸಿದವನು, ಅದಕ್ಕೆ ಜೊತೆಗಿಡುವ ಟಿಪ್ಪಣಿ ಬರೆದವನು ಯಾರು? ಅವರು ದುಷ್ಟರಾಗಿರಬೇಕೆಂದೇನೂ ಇಲ್ಲ. ಬೆಳಗ್ಗೆ ಕಚೇರಿಗೆ ಬಂದು, ಕೊಟ್ಟ ಕೆಲಸ ಮುಗಿಸಿ, ಸಂಜೆ ಮಕ್ಕಳಿಗೆ ಏನಾದರೂ ಕೊಂಡುಕೊಂಡು ಮನೆಗೆ ಹೋದ ಸಾಮಾನ್ಯ ಜನರಾಗಿರಬಹುದು. ಭಯ ಹುಟ್ಟಿಸುವ ಸಂಗತಿ ಅದೇ.

ಬಗ್ದಾದ್‌ನ ಸಂಕಲನ ಕೊಠಡಿ

2003ರಲ್ಲಿ ಅಮೆರಿಕ ಇರಾಕ್ ಅನ್ನೇ ಆಕ್ರಮಿಸಿದ ಬಳಿಕ ಈ ಉದ್ಯಮ ನೇರವಾಗಿ ಯುದ್ಧಭೂಮಿಗೇ ಬಂತು. ಅಮೆರಿಕನ್ ಸೈನಿಕರು ಬರೆದ ಲೇಖನಗಳನ್ನು ಅರಬಿಗೆ ಭಾಷಾಂತರಿಸಿ, ಹಣ ಕೊಟ್ಟು ಇರಾಕಿ ಪತ್ರಿಕೆಗಳಲ್ಲಿ ಸಾಮಾನ್ಯ ಸುದ್ದಿಯಂತೆ ಹಾಕಿಸಲಾಗುತ್ತಿದೆ ಎಂದು 2005ರ ನವೆಂಬರ್ 30ರಂದು 'ಲಾಸ್ ಏಂಜಲೀಸ್ ಟೈಮ್ಸ್' ವರದಿ ಮಾಡಿತು. ಲೇಖನಗಳನ್ನು ಪತ್ರಿಕೆಗಳಿಗೆ ತಲುಪಿಸುವ ಗುತ್ತಿಗೆ ಲಿಂಕನ್ ಗ್ರೂಪ್ ಎಂಬ ಕಂಪೆನಿಯದು. ಅದರ ಪರವಾಗಿ ಹೋದವರು ಕೆಲವೊಮ್ಮೆ ಹವ್ಯಾಸಿ ಪತ್ರಕರ್ತರಂತೆಯೂ ಕೆಲವೊಮ್ಮೆ ಜಾಹೀರಾತು ಏಜೆಂಟರಂತೆಯೂ ತೋರಿಸಿಕೊಳ್ಳುತ್ತಿದ್ದರು. ಹವಾಸ್‌ನ ಮನೆಯಲ್ಲಿ ಒಟ್ಟಿಗೆ ಬೆಳೆದ ಸುದ್ದಿ ಮತ್ತು ಜಾಹೀರಾತು ಇಲ್ಲಿ ಒಂದೇ ವೇಷ ತೊಟ್ಟವು.

ಇನ್ನೊಂದು ಪ್ರಕರಣ ಹೊರಬಂದದ್ದು 2016ರ ಅಕ್ಟೋಬರ್‌ನಲ್ಲಿ. ಬ್ರಿಟನ್ನಿನ ಬೆಲ್ ಪಾಟಿಂಜರ್ ಎಂಬ ಪ್ರಚಾರ ಸಂಸ್ಥೆಗೆ ಇರಾಕ್‌ನಲ್ಲಿ ಮಾಡಿದ ಕೆಲಸಕ್ಕಾಗಿ ಅಮೆರಿಕದ ರಕ್ಷಣಾ ಇಲಾಖೆ 2007ರಿಂದ 2011ರ ನಡುವೆ ಸುಮಾರು 54 ಕೋಟಿ ಡಾಲರ್ ನೀಡಿತ್ತೆಂದು ಲಂಡನ್‌ನ ಬ್ಯೂರೋ ಆಫ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಬಹಿರಂಗಪಡಿಸಿತು. ಈ ವಿಚಾರವನ್ನು ಹೇಳಿದವನು ಆ ಸಂಸ್ಥೆಗಾಗಿ ದುಡಿದ ಒಬ್ಬ ವಿಡಿಯೋ ಸಂಕಲನಕಾರ. 2006ರಲ್ಲಿ ಲಂಡನ್‌ನಲ್ಲಿ ಸಂದರ್ಶನಕ್ಕೆ ಹೋದ ಆತ, ಕೆಲಸ ಏನೆಂಬುದು ಸರಿಯಾಗಿ ತಿಳಿಯುವ ಮೊದಲೇ ಬಗ್ದಾದ್‌ನ ಸೇನಾ ನೆಲೆಯೊಂದರಲ್ಲಿದ್ದ. ಅರಬಿ ಟಿವಿ ವಾಹಿನಿಗಳು ತಯಾರಿಸಿದಂತೆ ಕಾಣುವ ಸುದ್ದಿ ತುಣುಕುಗಳನ್ನು ಅಲ್ಲಿ ಸಿದ್ಧಪಡಿಸಲಾಗುತ್ತಿತ್ತು. ಅಲ್‌ಖೈದಾ ತಯಾರಿಸಿದ್ದೆಂದು ತೋರುವ ವಿಡಿಯೋಗಳನ್ನೂ ಅಲ್ಲೇ ಮಾಡಿ ಸಿಡಿಗಳಿಗೆ ತುಂಬಿಸಲಾಗುತ್ತಿತ್ತು. ದಾಳಿಗೆ ಹೋದ ಸೈನಿಕರು ಅವನ್ನು ಮನೆಗಳಲ್ಲಿ ಬಿಟ್ಟು ಬರುತ್ತಿದ್ದರು. ಯಾರು, ಎಲ್ಲಿ ಆ ಸಿಡಿಯನ್ನು ನೋಡಿದರೆಂಬುದನ್ನು ಪತ್ತೆಹಚ್ಚುವ ವ್ಯವಸ್ಥೆ ಅದರಲ್ಲಿ ಅಡಗಿತ್ತು. ಸಂಸ್ಥೆಯ ಸ್ಥಾಪಕ ಟಿಮ್ ಬೆಲ್ ಇರಾಕ್‌ನಲ್ಲಿ ಇಂತಹ ಗುಪ್ತ ಕೆಲಸ ನಡೆದದ್ದನ್ನು ಒಪ್ಪಿಕೊಂಡರು.

ಆ ಸಂಸ್ಥೆಯ ಅಂತ್ಯವೂ ಗಮನಾರ್ಹ. ದಕ್ಷಿಣ ಆಫ್ರಿಕಾದಲ್ಲಿ ಭಾರತ ಮೂಲದ ಗುಪ್ತಾ ಕುಟುಂಬದ ಕಂಪೆನಿಗಾಗಿ ಅದು ನಡೆಸಿದ ಪ್ರಚಾರವು ಜನಾಂಗೀಯ ದ್ವೇಷಕ್ಕೆ ಕುಮ್ಮಕ್ಕು ಕೊಟ್ಟಿತೆಂದು ಬ್ರಿಟನ್ನಿನ ಪ್ರಚಾರ ಸಂಸ್ಥೆಗಳ ಸಂಘವೇ ತೀರ್ಮಾನಿಸಿ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ಕೈಬಿಟ್ಟರು. ಅದೇ ತಿಂಗಳು ಸಂಸ್ಥೆ ಕುಸಿಯಿತು. ತೀರ್ಮಾನ ಮಾಡಿದವರು ಮೇಲಿದ್ದ ಕೆಲವರು. ಕೆಲಸ ಕಳಕೊಂಡವರಲ್ಲಿ ಆ ಪ್ರಚಾರದ ಗಂಧಗಾಳಿಯೂ ಇಲ್ಲದವರಿದ್ದರು.

ಬೆಂಗಳೂರಿನ ಪಾಳಿ

ಇದೆಲ್ಲ ದೂರದ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. 2004ರಲ್ಲಿ ರಾಯಿಟರ್ಸ್ ಬೆಂಗಳೂರಿನಲ್ಲಿ ಪತ್ರಕರ್ತರನ್ನು ನೇಮಿಸಿಕೊಂಡು ಅಮೆರಿಕದ ಕಂಪೆನಿಗಳ ಸುದ್ದಿಯನ್ನು ಇಲ್ಲಿಂದಲೇ ಬರೆಯಿಸತೊಡಗಿತು. ಕಂಪೆನಿಯ ಪತ್ರಿಕಾ ಪ್ರಕಟಣೆ ಬಂದ ಕೂಡಲೇ ಅದರ ಲಾಭ ನಷ್ಟದ ಅಂಕಿಗಳನ್ನು ಹೆಕ್ಕಿ ಸುದ್ದಿ ಮಾಡುವುದು ಮುಖ್ಯ ಕೆಲಸ. ನ್ಯೂಯಾರ್ಕ್‌ನ ಷೇರುಪೇಟೆ ತೆರೆಯುವಾಗ ಇಲ್ಲಿ ಸಂಜೆ. ಐವಿ ಲೀ ಆರಂಭಿಸಿದ ಪತ್ರಿಕಾ ಪ್ರಕಟಣೆ ಸುಮಾರು ನೂರು ವರ್ಷಗಳ ಬಳಿಕ ಹೀಗೆ ನಮ್ಮ ರಾಜಧಾನಿಯ ಸಂಜೆ ಮತ್ತು ರಾತ್ರಿಯ ಪಾಳಿಗೆ ಬಂದು ತಲುಪಿತು. ಸುದ್ದಿಯ ಕೆಲಸದ ಜೊತೆಗೆ ಜಾಹೀರಾತು ಬರಹ, ಕಂಪೆನಿಗಳ ಪ್ರಚಾರ ಲೇಖನ, ರಾಜಕಾರಣಿಗಳ ಪರ ವಿಡಿಯೋ ಮುಂತಾದವುಗಳನ್ನು ತಯಾರಿಸುವ ಏಜೆನ್ಸಿಗಳೂ ನಗರಗಳಲ್ಲಿ ತುಂಬಿಕೊಂಡವು.

ಕಾನೂನು ಈ ಇಬ್ಬರು ಬರಹಗಾರರನ್ನು ಒಂದೇ ಕಣ್ಣಿನಿಂದ ನೋಡಲಿಲ್ಲ. ಕಾರ್ಯನಿರತ ಪತ್ರಕರ್ತರಿಗಾಗಿ 1955ರಲ್ಲಿ ಬಂದ ಕಾಯ್ದೆಯು ಸುದ್ದಿಸಂಸ್ಥೆಗಳ ನೌಕರರಿಗೂ ವೇತನ ಮಂಡಳಿಯ ಆಸರೆ ಕೊಟ್ಟಿತ್ತು. ಜಾಹೀರಾತು ಮತ್ತು ಪ್ರಚಾರ ಸಂಸ್ಥೆಗಳಲ್ಲಿ ಬರೆಯುವವನು ಅದರ ಹೊರಗೇ ಉಳಿದ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದರ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಮಾಲೀಕನದೇ. ಹೆಸರೂ ಇಲ್ಲ, ಒಡೆತನವೂ ಇಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಕೆಲಸವನ್ನು ಯಂತ್ರವೇ ಮಾಡಬಹುದಲ್ಲ ಎಂಬ ಬೆದರಿಕೆಯೂ ಸೇರಿಕೊಂಡಿದೆ.

ಇನ್ನು ಓದುಗನ ಸ್ಥಿತಿ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಮುಖ್ಯಮಂತ್ರಿಯನ್ನು ಹೊಗಳುವ ಒಂದೇ ಲೇಖನ ಬೇರೆ ಬೇರೆ ಪತ್ರಿಕೆಗಳಲ್ಲಿ ಅಕ್ಷರಶಃ ಪ್ರಕಟವಾದುದನ್ನು ಪತ್ರಕರ್ತ ಪಿ.ಸಾಯಿನಾಥ್ ಬಯಲಿಗೆ ತಂದರು.  ಭಾರತೀಯ ಪತ್ರಿಕಾ ಮಂಡಳಿ ನೇಮಿಸಿದ ಉಪಸಮಿತಿ 2010ರಲ್ಲಿ 'ಕಾಸಿಗಾಗಿ ಸುದ್ದಿ'ಯ ಬಗ್ಗೆ ವಿವರವಾದ ವರದಿ ಕೊಟ್ಟಿತು. ಮಂಡಳಿ ಅದನ್ನು ಪೂರ್ತಿಯಾಗಿ ಪ್ರಕಟಿಸುವ ಬದಲು ಸಂಕ್ಷೇಪಿಸಿ ಹೊರತಂದಿತು. ಪೂರ್ಣ ವರದಿ ಜನರ ಕೈಸೇರಲು ಮಾಹಿತಿ ಹಕ್ಕಿನ ಮೂಲಕ 2011ರವರೆಗೆ ಹೋರಾಡಬೇಕಾಯಿತು. ಸುದ್ದಿಯ ಹಿಂದಿನ ಹಣದ ಕುರಿತ ವರದಿಯೇ ಮುಚ್ಚಿಹೋಗುವಂತಾದದ್ದು ಎಂತಹ ವಿಪರ್ಯಾಸ!

ಎರಡು ಪ್ರಶ್ನೆಗಳು

ಹಾಗಾದರೆ ಈ ಕೆಲಸವೇ ಹೀನವೇ? ಖಂಡಿತ ಅಲ್ಲ. ದೂರದ ಭೂಕಂಪದ ಸುದ್ದಿ ಗಂಟೆಯೊಳಗೆ ನಮ್ಮ ಮನೆ ತಲುಪುವುದು ಇಂತಹ ಹೆಸರಿಲ್ಲದವರ ದುಡಿಮೆಯಿಂದ. ಲಸಿಕೆಯ ಬಗ್ಗೆ, ಮತದಾನದ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ ಜನರಿಗೆ ಅರ್ಥವಾಗುವ ನಾಲ್ಕು ಸಾಲು ಬರೆದವರೂ ಇವರೇ. ಜಾಹೀರಾತು ಬರೆಯುವುದೂ ಪಾಪವಲ್ಲ, ಅದು ಜಾಹೀರಾತೆಂದು ಓದುಗನಿಗೆ ತಿಳಿದಿದ್ದರೆ.

ಹೊಟ್ಟೆಪಾಡಿಗಾಗಿ ದುಡಿಯುವ ಇಪ್ಪತ್ತೈದರ ಹರೆಯದ ಹುಡುಗಿಯೊಬ್ಬಳಿಗೆ 'ನೀನು ಕೆಲಸ ಬಿಟ್ಟು ಸತ್ಯದ ಪರ ನಿಲ್ಲು' ಎಂದು ಉಪದೇಶಿಸುವುದು ಸುಲಭ. ಅವಳ ಬಾಡಿಗೆ ಕಟ್ಟುವವರು ನಾವಲ್ಲ. ಆದರೆ ಎರಡು ಪ್ರಶ್ನೆಗಳನ್ನು ಕೇಳುವ ಹಕ್ಕು ಅವಳಿಗಿರಬೇಕು. ಈ ಮಾಹಿತಿ ನಿಜವೆಂದು ಯಾರು ಪರಿಶೀಲಿಸಿದ್ದಾರೆ? ಇದಕ್ಕೆ ಹಣ ಕೊಡುವವರು ಯಾರೆಂದು ಓದುವವನಿಗೆ ತಿಳಿಸುತ್ತೇವೆಯೇ? ಐವಿ ಲೀ ಮೊದಲ ಪ್ರಶ್ನೆಯನ್ನು ಕೇಳಲಿಲ್ಲ. ಹಿಲ್ ಅಂಡ್ ನೋಲ್ಟನ್ ಎರಡನೆಯದಕ್ಕೆ ಉತ್ತರ ಕೊಡಲಿಲ್ಲ. ಬಗ್ದಾದ್‌ನ ಸಂಕಲನಕಾರ ವರ್ಷಗಳ ನಂತರವಾದರೂ ಬಾಯಿಬಿಟ್ಟದ್ದರಿಂದ ನಮಗೆ ಅಷ್ಟಾದರೂ ತಿಳಿಯಿತು.

ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಹಣ ಪಡೆದು ವಸ್ತುಗಳನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಿಕೊಳ್ಳಬೇಕೆಂಬ ಮಾರ್ಗಸೂಚಿ ತಂದಿತು. ಸಾಬೂನು, ಪೌಡರಿಗೆ ಇಷ್ಟು ನಿಯಮವಿದೆಯೆಂದಾದರೆ ಮನುಷ್ಯರ ನಡುವೆ ದ್ವೇಷವನ್ನೂ ಯುದ್ಧವನ್ನೂ ಮಾರುವ ಬರಹಕ್ಕೆ ಇದಕ್ಕಿಂತ ಕಠಿಣವಾದ ನಿಯಮ ಬೇಡವೇ?

ಓದುಗರಾದ ನಮ್ಮ ಹೊಣೆಯೂ ಸಣ್ಣದಲ್ಲ. ನಾಳೆ ಬೆಳಗ್ಗೆ ಪತ್ರಿಕೆ ಬಿಡಿಸಿದಾಗ ಅಥವಾ ಮೊಬೈಲಿನಲ್ಲಿ ಯಾರೋ ಅಳುವ ದೃಶ್ಯವೊಂದು ಬಂದಾಗ, ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು ಒಂದು ಕ್ಷಣ ನಿಲ್ಲೋಣ. ಇದನ್ನು ಬರೆದವರು ಯಾರು ಎಂಬುದು ಬಹುಶಃ ನಮಗೆ ಎಂದೂ ತಿಳಿಯಲಾರದು. ಬರೆಸಿದವರು ಯಾರು ಎಂದಾದರೂ ಕೇಳೋಣ.